ನನ್ನ ಬಲಗಾಲನ್ನು ಕಚೇರಿಗೆ ಜಮಾ ಮಾಡುವ ಕುರಿತು

ಗೋಕಾಕದಲ್ಲಿ ಆಸೀನರಾಗಿರುವ, ಸಾರ್ವಜನಿಕ ದಂಡೆ ಹಾಗೂ ಆಳವಿಲ್ಲದ ನೀರಿನ ಲೋಹಶೋಧ ನಿಯಂತ್ರಣಾಧಿಕಾರಿಗಳ ಸನ್ನಿಧಿಗೆ,

ಹಿರಣ್ಯಕೇಶಿ ಹೊಳೆಯ ಎರಡೂ ದಂಡೆಗಳನ್ನು ಕುರ್ಚಿಯಿಂದ ಏಳದೆಯೇ ಕಾಯುತ್ತಿರುವ ಮಾನ್ಯರೇ,

ತಮ್ಮ ಮೊಹರಿನ ಮಸಿ ಎಂದೂ ಆರದಿರಲಿ, ತಮ್ಮ ಮೇಜಿನ ಮೇಲಿನ ಫ್ಯಾನು ಕರೆಂಟು ಹೋದಾಗಲೂ ತಿರುಗುತ್ತಿರಲಿ ಎಂದು ಹಾರೈಸುತ್ತ, ಸಂಕೇಶ್ವರದ ಹೊಳೆ ಓಣಿಯ ನಿವಾಸಿ, ವಯಸ್ಸು ಅರವತ್ತಾರು, ಅಮೀನಸಾಬ ಜಾಲಗಾರ ಎಂಬ ನಾನು ಬರೆದುಕೊಳ್ಳುವುದೇನೆಂದರೆ, ತಮ್ಮ ನೋಟೀಸು ಕಳೆದ ಬುಧವಾರ ತಲುಪಿತು. ಏಳು ದಿನಗಳ ಒಳಗೆ ಎರಡು ವಸ್ತುಗಳನ್ನು ಕಚೇರಿಗೆ ಜಮಾ ಮಾಡಬೇಕೆಂದು ಅದರಲ್ಲಿ ಅಪ್ಪಣೆಯಾಗಿದೆ. ಒಂದನೆಯದು ಪರವಾನಗಿ ಪಡೆದ ಶೋಧಸಾಧನ, ಅಂದರೆ ನನ್ನ ಬಲಗಾಲು. ಎರಡನೆಯದು ನಮ್ಮ ಓಣಿಯ ಚನ್ನವ್ವಕ್ಕನ ಕೊರಳಲ್ಲಿರುವ ಬೆಳ್ಳಿಯ ಕರಡಿಗೆ ಮತ್ತು ಅದರೊಳಗಿರುವ, ಆಕೆ ಹುಟ್ಟಿದಾಗ ಆಕೆಗೆ ಕಟ್ಟಿದ ಇಷ್ಟಲಿಂಗ. ಕಾಲಿನ ಬಗ್ಗೆ ನನ್ನದು ಅಂಥ ದೊಡ್ಡ ತಕರಾರಿಲ್ಲ. ಕರಡಿಗೆಯ ಬಗ್ಗೆ ಇದೆ, ಮತ್ತು ಅದನ್ನು ತಮ್ಮೊಬ್ಬರಿಗೇ ಹೇಳಿದರೆ ಕಡತದೊಳಗೆ ಮಲಗಿಬಿಡುತ್ತದೆಂದು ಈ ಪತ್ರದ ಪ್ರತಿಯನ್ನು ಬಸ್ ನಿಲ್ದಾಣದ ಗೋಡೆಗೂ ಗ್ರಂಥಾಲಯದ ಬಾಗಿಲಿಗೂ ಅಂಟಿಸಿದ್ದೇನೆ.

ಮೊದಲು ನನ್ನ ಕಸುಬನ್ನು ತಮಗೆ ಪರಿಚಯಿಸಬೇಕು. ಹೊಳೆಯಲ್ಲಿ ಬಿದ್ದದ್ದನ್ನು ಹುಡುಕಿಕೊಡುವುದು ನಮ್ಮ ಮನೆತನದ ಕೆಲಸ, ಅದಕ್ಕೇ ನಮಗೆ ಜಾಲಗಾರರೆಂಬ ಹೆಸರು. ಸ್ನಾನಕ್ಕೆ ಇಳಿದವರ ಉಂಗುರ, ಬಟ್ಟೆ ಒಗೆಯುವವರ ಕಾಲುಂಗುರ, ಮಕ್ಕಳ ಬೆಳ್ಳಿಯ ಉಡಿದಾರ, ಒಮ್ಮೆ ಒಬ್ಬ ಹಿರಿಯರ ಹಲ್ಲಿನ ಕಟ್ಟು, ಹೀಗೆ ಮೊಣಕಾಲುದ್ದದ ನೀರಿನಲ್ಲಿ ಕಳೆದದ್ದನ್ನೆಲ್ಲ ನನ್ನ ಅಬ್ಬಾ ಹುಡುಕಿಕೊಟ್ಟರು, ನಲವತ್ತು ವರ್ಷಗಳಿಂದ ನಾನು ಕೊಡುತ್ತಿದ್ದೇನೆ. ಹುಡುಕುವುದು ಅಂಗಾಲಿನಿಂದ. ಉಸುಕಿನ ಮೇಲೆ ಮೆಲ್ಲಗೆ ಕಾಲು ಜಾರಿಸುತ್ತ ಹೋದರೆ ಕೆಳಗಿರುವುದು ನಾಣ್ಯವೋ ಸೋಡಾ ಬಾಟಲಿಯ ಮುಚ್ಚಳವೋ ಎಂದು ಅಂಗಾಲೇ ಹೇಳುತ್ತದೆ. ಆಮೇಲೆ ಅಲ್ಲಿಯ ಉಸುಕನ್ನು ಮರದ ಮರಿಗೆಯಲ್ಲಿ ಎತ್ತಿ ತೊಳೆದರಾಯಿತು.

ತಮ್ಮ ನಿಯಮಗಳು ಬಂದದ್ದು ಯಾಕೆಂದು ನನಗೆ ಗೊತ್ತಿದೆ, ಬಂದಾಗ ಖುಷಿಪಟ್ಟವರಲ್ಲಿ ನಾನೇ ಮೊದಲಿಗ. ಹೋದ ವರ್ಷ ಎಲ್ಲಿಂದಲೋ ನಾಲ್ಕು ಜನ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಉದ್ದ ಕೋಲಿನ ತುದಿಗೆ ತಾಟು ಕಟ್ಟಿದಂಥ ಯಂತ್ರಗಳನ್ನು ಹಿಡಿದು ಬಂದು, ಹಳೆಯ ನಾಣ್ಯ ಸಿಗುತ್ತವೆಂದು ದಂಡೆಯನ್ನೆಲ್ಲ ಅಗೆದು ಹಾಗೇ ಬಿಟ್ಟು ಹೋದರು. ಆ ಯಂತ್ರಗಳು ಒಂದೊಂದು ಮೊಳೆಗೂ ಹೆರಿಗೆ ನೋವು ಬಂದಂತೆ ಕೂಗುತ್ತಿದ್ದವು. ಅವರು ಬಿಟ್ಟ ಕುಣಿಯಲ್ಲಿ ಒಂದು ಎಮ್ಮೆ ಕಾಲು ಮುರಿದುಕೊಂಡಿತು. ಆದ್ದರಿಂದ ಅಗೆದ ಕುಣಿ ಗೇಣಿಗಿಂತ ಆಳವಿರಕೂಡದು, ಹೋಗುವ ಮುನ್ನ ಮುಚ್ಚತಕ್ಕದ್ದು ಎಂಬ ತಮ್ಮ ನಾಲ್ಕನೆಯ ನಿಯಮಕ್ಕೆ ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ.

ಉಳಿದ ನಿಯಮಗಳ ವಿಷಯದಲ್ಲಿ ಮಾತ್ರ ತಮ್ಮ ದೂರದೃಷ್ಟಿಯನ್ನು ಮೆಚ್ಚಲು ನನ್ನ ಕನ್ನಡ ಸಾಲುತ್ತಿಲ್ಲ. ಅವನ್ನು ಯಾವುದೋ ಕಡಲ ಕಡೆಯ ಪುಸ್ತಕದಿಂದ ಎತ್ತಿಕೊಂಡು, ಸಮುದ್ರ ಎಂದಿದ್ದಲ್ಲಿ ಹೊಳೆ ಎಂದು ತಿದ್ದಿದ್ದಾರೆಂದೂ, ತಿದ್ದುತ್ತ ತಿದ್ದುತ್ತ ಯಾರಿಗೋ ಊಟದ ಹೊತ್ತಾಯಿತೆಂದೂ ಊರಿನ ಕೆಲವು ಕಿಡಿಗೇಡಿಗಳು ಆಡಿಕೊಳ್ಳುತ್ತಿದ್ದಾರೆ. ನಾನು ನಂಬಿಲ್ಲ. ಕಡಲಾಮೆ ಮೊಟ್ಟೆಯಿಟ್ಟ ಜಾಗದಿಂದ ನೂರು ಅಡಿ ದೂರವಿರಬೇಕು ಎಂದು ತಾವು ಬರೆಸಿದ್ದೀರೆಂದರೆ, ಸಕ್ಕರೆ ಕಾರ್ಖಾನೆಯ ಬಾಜೂ ಇರುವ ನಮ್ಮ ಊರಿಗೆ ಆಮೆಗಳು ಹೊರಟಿರುವ ಸುದ್ದಿ ತಮಗೆ ತಿಳಿದಿರಲೇಬೇಕು. ಮುಳುಗಿದ ಹಡಗಿನ ಭಾಗಗಳು ಸಿಕ್ಕರೆ ಕೂಡಲೇ ವರದಿ ಮಾಡಬೇಕೆಂದಿದೆ, ನಾನು ಕಾಯುತ್ತಿದ್ದೇನೆ. ಸದ್ಯಕ್ಕೆ ಸಿಕ್ಕಿರುವುದು ಒಂದು ಸೈಕಲ್ಲಿನ ಹಿಂದಿನ ಗಾಲಿ. ಇನ್ನು, ಕಡಲಿನ ಇಳಿತದ ಹೊತ್ತಿನಲ್ಲಿ ಮಾತ್ರ ಶೋಧಿಸಬೇಕು ಎಂಬ ಏಳನೆಯ ನಿಯಮ ಬಂದಾಗ, ನಮ್ಮ ಹೊಳೆಗೆ ಇಳಿತ ಯಾವಾಗ ಬರುತ್ತದೆಂದು ತಿಳಿಯದೆ, ತಾವು ದಂಡೆಗೆ ನೇಮಿಸಿದ ಕಾವಲುಗಾರ ಲಕ್ಷ್ಮಣ ಒಂದು ವಾರ ಊಟ ಬಿಟ್ಟಿದ್ದ. ಕೊನೆಗೆ ತಾನೇ ತಲೆ ಓಡಿಸಿ, ಮೇಲಿನ ಬಂಧಾರಕ್ಕೆ ಹಲಗೆ ಹಾಕಿ ನೀರು ತಡೆದರೆ ಇಳಿತ, ಹಲಗೆ ತೆಗೆದರೆ ಉಬ್ಬರ ಎಂದು ತೀರ್ಮಾನಿಸಿದ್ದಾನೆ. ಹೀಗೆ ಸಮುದ್ರವನ್ನು ನಮ್ಮ ಊರಿಗೆ ತಂದ ಕೀರ್ತಿ ತಮಗೆ ಸಲ್ಲಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ಯುಗಾದಿಗೆ ಎಂಟು ದಿನ ಇದೆ ಎನ್ನುವಾಗ ಒಂದು ಸೋಮವಾರ ಚನ್ನವ್ವಕ್ಕ ಮತ್ತು ಆಕೆಯ ಸೊಸೆ ದಾಕ್ಷಾಯಿಣಿ ಮನೆಯ ಕೌದಿಗಳನ್ನೆಲ್ಲ ಹೊತ್ತು ಹೊಳೆಗೆ ಒಗೆಯಲು ಬಂದಿದ್ದರು. ನೆನೆದ ಕೌದಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಹಿಂಡುವಾಗ ಚನ್ನವ್ವಕ್ಕನ ಶಿವದಾರ ಕೌದಿಯ ಸುತ್ತಿಗೆ ಸಿಕ್ಕು ಹರಿದು, ಅದಕ್ಕೆ ಕಟ್ಟಿದ್ದ ಕರಡಿಗೆ ನೀರಿಗೆ ಬಿತ್ತು. ಚನ್ನವ್ವಕ್ಕನಿಗೆ ಎಪ್ಪತ್ತನಾಲ್ಕು. ದಿನಾ ಬೆಳಿಗ್ಗೆ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಆಕೆ ಅನ್ನ ಮುಟ್ಟಿದವಳಲ್ಲ. ಅಂದಿನಿಂದ ಮುಟ್ಟಲಿಲ್ಲ. ಮಠದ ಅಯ್ಯನವರೇ ಮನೆಗೆ ಬಂದು, ಹೊಸ ಲಿಂಗ ಕೊಡುತ್ತೇನೆ, ದೋಷವಿಲ್ಲ, ಊಟ ಮಾಡು ಎಂದು ಹೇಳಿದರು. ಅದಕ್ಕೆ ಆಕೆ ಕೊಟ್ಟ ಉತ್ತರವನ್ನು ತಮ್ಮ ದಾಖಲೆಗಾಗಿ ಇದ್ದ ಹಾಗೇ ಬರೆಯುತ್ತೇನೆ: "ಹೊಸಾದು ಕಟ್ಟಿಕೊಳ್ಳಾಕ ನನಗೇನ್ ಹೊಸಾ ಜೀವ ಬಂದೈತೇನ್ರಿ ಅಜ್ಜಾರ? ಇದನ್ನ ನಮ್ಮವ್ವ ಕಟ್ಟಿಸಿದ್ದು, ಇದರ ಜೋಡಿನ ಹೋಗಾಕಿ ನಾ." ದಿನಕ್ಕೆ ಒಂದು ಬಟ್ಟಲು ಹಾಲು, ಅಷ್ಟೇ. ಅದನ್ನೂ ದಾಕ್ಷಾಯಿಣಿ ಅತ್ತು ಕುಡಿಸಬೇಕು.

ನನಗೆ ಹೆದರಿಕೆಯಾಯಿತು, ಮಾನ್ಯರೇ. ನನ್ನ ಅಬ್ಬಾ ತಮ್ಮ ಜೀವಮಾನದಲ್ಲಿ ಹುಡುಕಿಯೂ ಸಿಗದೆ ಕೈಬಿಟ್ಟದ್ದು ಒಂದೇ ಒಂದು ವಸ್ತು, ಅದೂ ಒಬ್ಬ ಮುದುಕರ ಲಿಂಗವೇ ಆಗಿತ್ತು. ಆ ಮುದುಕರು ಹೀಗೇ ಹಟ ಹಿಡಿದು ತಿಂಗಳೊಳಗೆ ತೀರಿಕೊಂಡರು. ಅಬ್ಬಾ ಆಮೇಲೆ ಸಾಯುವ ತನಕ ಆ ಮನೆಯ ಮುಂದಿನ ದಾರಿಯಲ್ಲಿ ನಡೆಯಲಿಲ್ಲ, ಸುತ್ತಿ ಹೋಗುತ್ತಿದ್ದರು. ಚನ್ನವ್ವಕ್ಕನ ಮನೆಯಾದರೋ ನನ್ನ ಮನೆಯ ಎದುರಿಗೇ ಇದೆ, ಸುತ್ತಿ ಹೋಗಲು ನನಗೆ ಬೇರೆ ದಾರಿಯೂ ಇಲ್ಲ. ನನ್ನ ನಾಲ್ಕೂ ಮಕ್ಕಳು ಆಕೆ ಹೊಲಿದ ಕೌದಿಯಲ್ಲಿ ಮಲಗಿ ಬೆಳೆದವರು.

ಸೋಮವಾರ ಮಧ್ಯಾಹ್ನವೇ ಹೊಳೆಗೆ ಓಡಿದೆ. ಹೊಳೆಗಿಳಿಯುವ ಪಾವಟಿಗೆಯ ಮೇಲೆ ಚಪ್ಪಲಿ ಬಿಡುತ್ತಿದ್ದಂತೆ ಲಕ್ಷ್ಮಣ ಸೀಟಿ ಊದಿದ. ಒಳ್ಳೆಯ ಹುಡುಗ, ಊದಿದ ಮೇಲೆ ತಾನೇ ನಾಚಿಕೊಂಡು ಬಳಿಗೆ ಬಂದು, "ಕಾಕಾ, ಸಿಟ್ಟಾಗಬ್ಯಾಡ್ರಿ, ನಿಮ್ಮ ಕಾಲಿಗೆ ಪರವಾನಗಿ ಐತೇನ್ರಿ?" ಎಂದು ಕೇಳಿದ. ಲೋಹದ ಇರುವನ್ನು ಗುರುತಿಸಬಲ್ಲ ಯಾವುದೇ ಸಾಧನವನ್ನು ಪರವಾನಗಿ ಇಲ್ಲದೆ ನೀರಿಗಿಳಿಸಕೂಡದು ಎಂದು ಎರಡನೆಯ ನಿಯಮದಲ್ಲಿದೆಯಂತೆ, ಜಾಲಗಾರರ ಕಾಲು ಸಾಧನವೇ ಎಂದು ಮೇಲಿನವರು ಫೋನಿನಲ್ಲಿ ತೀರ್ಪು ಕೊಟ್ಟಿದ್ದಾರಂತೆ. ನಲವತ್ತು ವರ್ಷ ದುಡಿದರೂ ನನ್ನ ಕಸುಬಿಗೆ ಸರ್ಕಾರದ ಕಡೆಯಿಂದ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತೆಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ಮುಂದೆ ಆದ ತಪ್ಪಿಗೆ ಆ ಹೆಮ್ಮೆಯೇ ಕಾರಣ.

ಅರ್ಜಿ ನಮೂನೆ ಮೂಡಲಗಿಯಲ್ಲಿ, ಸಾಧನದ ತಪಾಸಣೆ ಹುಕ್ಕೇರಿಯಲ್ಲಿ, ತಮ್ಮ ಸಹಿ ಗೋಕಾಕದಲ್ಲಿ ಎಂದು ತಾವು ಕೆಲಸವನ್ನು ಮೂರು ಊರುಗಳಿಗೆ ಹಂಚಿರುವುದರಿಂದ ಯಾವ ಊರಿಗೂ ಅನ್ಯಾಯವಾಗಿಲ್ಲ. ಮಂಗಳವಾರ ಹುಕ್ಕೇರಿ ದಾಟಿ, ಘಟಪ್ರಭಾ ದಾಟಿ, ಅರಭಾವಿಯಲ್ಲಿ ಹತ್ತಿದ ಕಾಲೇಜು ಮಕ್ಕಳ ನಡುವೆ ಪರವಾನಗಿ ಇಲ್ಲದ ಆ ಕಾಲಿನ ಮೇಲೆಯೇ ನಿಂತುಕೊಂಡು ಮೂಡಲಗಿ ಮುಟ್ಟಿದಾಗ ಖಿಡಕಿ ಮುಚ್ಚಿತ್ತು. ಬುಧವಾರ ಮತ್ತೆ ಹೋದೆ. ಅಲ್ಲಿಯ ಗುಮಾಸ್ತ ಉದ್ದಪ್ಪನವರು ಬಹಳ ಸಜ್ಜನರು, ಕನ್ನಡಕವಿಲ್ಲದೆ ನನಗೆ ಕಣ್ಣು ಮಂಜೆಂದು ತಾವೇ ನಮೂನೆ ತುಂಬಲು ಕೂತರು. ಯಾವುದರಿಂದ ಹುಡುಕುತ್ತೀರಿ ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಬಲಗಾಲಿನಿಂದ ಎಂದೆ.

ಆಮೇಲೆ ತಯಾರಕರ ಹೆಸರು ಕೇಳಿದರು, ತೀರಿಹೋದ ನನ್ನ ತಂದೆತಾಯಿಯ ಹೆಸರು ಬರೆಸಿದೆ. ತಯಾರಾದ ವರ್ಷ ಐವತ್ತೊಂಬತ್ತು, ಮಾದರಿ ಬಲ, ನಡೆಯಲು ಬೇಕಾದ ಶಕ್ತಿ ಎರಡು ಹೊತ್ತು ರೊಟ್ಟಿ. ಲೋಹ ಸಿಕ್ಕಾಗ ಹೊರಡಿಸುವ ಶಬ್ದ ಎಂಬಲ್ಲಿ ಉದ್ದಪ್ಪನವರು ಬಹಳ ಹೊತ್ತು ಯೋಚಿಸಿ, ಸಾಧನ ಮೂಕವಾಗಿದ್ದು ಮಾಲೀಕ ಮಾತ್ರ ಹಾಂ ಎನ್ನುತ್ತಾನೆ ಎಂದು ಬರೆದರು. ಕೊನೆಯ ದುರಸ್ತಿ ಹೋದ ವರ್ಷ ಗಾಜು ನಟ್ಟಾಗ, ಹೊಲಿಗೆ ನಾಲ್ಕು. ಅಂದು ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ನನ್ನ ಹೆಂಡತಿ ಮೈನಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಎಡಗಾಲಿಗೂ ಒಂದ್ ಅರ್ಜಿ ಹಾಕಬೇಕಿತ್ರಿ, ಇಲ್ಲಂದ್ರ ಹೊಳ್ಯಾಗ ಕುಂಟಕೋತ ಅಡ್ಡಾಡಬೇಕಾಗತೈತಿ" ಎಂದಳು. ಆಕೆಯ ಮಾತಿನಲ್ಲಿ ಹುರುಳಿತ್ತು.

ಗುರುವಾರ ಹುಕ್ಕೇರಿಯಲ್ಲಿ ಸಾಧನಕ್ಕೆ ನೀರು ತಡೆಯುವ ಶಕ್ತಿ ಇದೆಯೇ ಎಂದು ನೋಡಲು ನನ್ನ ಕಾಲನ್ನು ಅರ್ಧ ತಾಸು ಬಕೆಟ್ಟಿನಲ್ಲಿ ಮುಳುಗಿಸಿ ಇಟ್ಟರು. ಬಕೆಟ್ಟಿಗೆ ಒಂದು ಮೊಳೆ ಹಾಕಿದರು. ನಾನು ಹಾಂ ಎಂದೆ. ಸಾಧನ ಪಾಸಾಯಿತು, ಪಾದದ ಮೇಲೆ ಹದಿನೇಳು ಎಂಬ ಸಂಖ್ಯೆಯ ಚೀಟಿ ಅಂಟಿಸಿದರು, ನಮಾಜಿಗೆ ಮುಂಚೆ ಕಾಲು ತೊಳೆಯಬೇಕೆಂದು ಬೇಡಿಕೊಂಡ ಮೇಲೆ ಅದನ್ನು ಕಿತ್ತು ಮೊಣಕಾಲಿನ ಕೆಳಗೆ ಅಂಟಿಸಿದರು. ಶುಕ್ರವಾರ ಗೋಕಾಕಕ್ಕೆ ಬಂದು ತಮ್ಮ ದರ್ಶನ ಪಡೆದೆ. ತಾವು ನೋಡಲಿ ಎಂದು ಪಾಯಜಾಮದ ಒಂದು ಕಾಲನ್ನು ಮೇಲಕ್ಕೆ ಮಡಚಿಕೊಂಡೇ ನಿಂತಿದ್ದೆ, ತಾವು ತಲೆ ಎತ್ತದೆ ಸಹಿ ಹಾಕಿದಿರಿ.

ಶನಿವಾರ ಬೆಳಿಗ್ಗೆ, ಅಂದರೆ ಚನ್ನವ್ವಕ್ಕ ಅನ್ನ ಬಿಟ್ಟ ಆರನೆಯ ದಿನ, ಪರವಾನಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಲೆಗೆ ಕಟ್ಟಿಕೊಂಡು ಹೊಳೆಗೆ ಹೋದೆ. ಬಂಧಾರಕ್ಕೆ ಹಲಗೆ ಹಾಕಿದ್ದರು, ಇಳಿತವೂ ಇತ್ತು. ಪಾವಟಿಗೆಯ ಮೇಲೆ ದಾಕ್ಷಾಯಿಣಿಯ ಹೆಗಲಿಗೆ ಒರಗಿ ಚನ್ನವ್ವಕ್ಕ ಕೂತಿದ್ದಳು. ಆರು ದಿನದಲ್ಲಿ ಆಕೆ ಅರ್ಧ ಆಗಿದ್ದಳು. ಆಕೆ ನನ್ನನ್ನೇ ನೋಡುತ್ತಿದ್ದಾಗ ನಾನು ನೀರಿನ ಮೇಲೆ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ನನ್ನ ಅಬ್ಬಾ ನನಗೆ ಈ ಕಸುಬು ಕಲಿಸಿದ ಮೊದಲ ದಿನ ಹೇಳಿದ್ದು ಆಗ ನೆನಪಾಯಿತು. ಕಳೆದದ್ದು ಲಿಂಗ ಎಂದು ಗೊತ್ತಿದ್ದರೆ ನಮ್ಮ ಮನೆತನದವರು ಕಾಲಿನಿಂದ ಹುಡುಕುವುದಿಲ್ಲ. ಅವರು ಎದೆಯ ಮೇಲೆ ಧರಿಸುವುದನ್ನು ನಾವು ಅಂಗಾಲಿನಿಂದ ತಡವುವುದು ಸಲ್ಲ. ಮೊಣಕಾಲೂರಿ ಕೈಯಿಂದ ಹುಡುಕಬೇಕು, ಸಿಕ್ಕರೂ ನಾವು ಎತ್ತಬಾರದು, ಅದರ ಒಡೆಯರನ್ನೇ ಕರೆದು ಅವರ ಕೈಯಿಂದ ಎತ್ತಿಸಬೇಕು. ನಾಲ್ಕು ದಿನ ಮೂರು ಊರು ಸುತ್ತಿ, ಬಕೆಟ್ಟಿನಲ್ಲಿ ಕಾಲು ನೆನೆಸಿ ಪಡೆದ ಪರವಾನಗಿ ಈ ಒಂದು ಕೆಲಸಕ್ಕೆ ಮಾತ್ರ ಬಾರದು ಎಂಬುದು, ಉದ್ದಪ್ಪನವರ ಮುಂದೆ ಎದೆಯುಬ್ಬಿಸಿದ ನನಗೆ ಹೊಳೆದಿರಲಿಲ್ಲ. ಈ ತಪ್ಪು ತಮ್ಮದಲ್ಲ, ನನ್ನದೇ.

ಮೊಣಕಾಲೂರಿದೆ, ಎರಡೂ ಕೈ ನೀರಿಗಿಳಿಸಿದೆ. ಲಕ್ಷ್ಮಣ ಬಂದು ಪರವಾನಗಿ ಓದಿ, "ಇದರಾಗ ಬಲಗಾಲ ಅಂತ ಐತ್ರಿ ಕಾಕಾ" ಎಂದ. ನಾನು ಉಸುಕು ತಡವುತ್ತಲೇ ಇದ್ದೆ. ಅವನು ಸೀಟಿಯನ್ನು ಬಾಯಿಯ ತನಕ ಒಯ್ದು, ಚನ್ನವ್ವಕ್ಕನನ್ನು ನೋಡಿ, ಊದದೆ ಜೇಬಿಗೆ ಹಾಕಿಕೊಂಡ. ಭಾರದ ಬೆಳ್ಳಿ ದೂರ ಹೋಗುವುದಿಲ್ಲ, ಒಗೆಯುವ ಕಲ್ಲಿನ ಹಿಂದೆ ನೀರು ಸುತ್ತಿ ತಿರುಗುವ ತಗ್ಗಿನಲ್ಲಿ ಕೂತಿರುತ್ತದೆ. ಮೊದಲ ಕಲ್ಲಿನ ಹಿಂದೆ ಸಿಕ್ಕಿದ್ದು ಎರಡು ಪಿನ್ನು ಮತ್ತು ಒಂದು ಚಮಚ. ಎರಡನೆಯ ಕಲ್ಲಿನ ಹಿಂದೆ, ಮೊಣಕೈ ತನಕ ಉಸುಕಿನಲ್ಲಿ ಹೋದ ಮೇಲೆ, ನನ್ನ ಬೆರಳಿಗೆ ದುಂಡಗೆ, ತಣ್ಣಗೆ ತಾಗಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅಕ್ಕಾ ಇಲ್ಲೈತಿ ಬಾ ಎಂದು ಕೂಗಿ ಕೈ ಬೀಸಿದೆ. ಚನ್ನವ್ವಕ್ಕ ಸೊಸೆಯನ್ನು ಹಿಡಿದುಕೊಂಡು ನೀರಿಗಿಳಿದು ಬಂದು, ನಾನು ತೋರಿಸಿದಲ್ಲಿ ಕೈ ಹಾಕಿ, ತಾನೇ ಎತ್ತಿದಳು.

ಮಠದಿಂದ ಅಯ್ಯನವರು ಬಂದು, ತೊಳೆದು, ಹೊಸ ಶಿವದಾರ ಹಾಕಿಕೊಟ್ಟರು. ಪಾವಟಿಗೆಯ ಮೇಲೆಯೇ ಆಕೆ ಲಿಂಗವನ್ನು ಎಡಗೈಯಲ್ಲಿಟ್ಟು, ಹೊಳೆಯ ನೀರೆರೆದು, ವಿಭೂತಿ ಹಚ್ಚಿ, ಒಂದು ಪತ್ರಿ ಏರಿಸಿದಳು. ಆ ಕೈಯನ್ನು ದಾಕ್ಷಾಯಿಣಿ ಕೆಳಗಿನಿಂದ ಹಿಡಿದಿದ್ದಳು. ಆಮೇಲೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಂಡಳು. ಅಷ್ಟು ಚೆಂದದ ಊಟವನ್ನು ನಾನು ಮದುವೆ ಮನೆಗಳಲ್ಲಿಯೂ ನೋಡಿಲ್ಲ. ಲಕ್ಷ್ಮಣ ಕಣ್ಣೊರೆಸಿಕೊಂಡು ಹೋಗಿ, ಕಂಡದ್ದನ್ನು ಕಂಡ ಹಾಗೆ ತಮ್ಮ ವಹಿಯಲ್ಲಿ ಬರೆದ, ಅದು ಅವನ ಕರ್ತವ್ಯ, ಅವನಿಗೆ ತೊಂದರೆ ಕೊಡಬೇಡಿ.

ಆ ವರದಿಯನ್ನು ಓದಿ ತಾವು ಕಳಿಸಿದ ನೋಟೀಸು ಈಗ ನನ್ನ ಮುಂದಿದೆ. ಪರವಾನಗಿ ಇಲ್ಲದ ಸಾಧನಗಳನ್ನು, ಅಂದರೆ ಎರಡು ಕೈಗಳನ್ನು, ಬಳಸಿದ ಅಪರಾಧಕ್ಕೆ ಪರವಾನಗಿ ಇದ್ದ ಸಾಧನವನ್ನು ಜಪ್ತು ಮಾಡಬೇಕೆಂದು ಬರೆದಿದ್ದೀರಿ. ತಪ್ಪು ಮಾಡಿದ್ದು ಕೈ, ಹಿಡಿಯುವುದು ಕಾಲು, ಇದರಲ್ಲೂ ಒಂದು ನ್ಯಾಯವಿರಬಹುದು. ನಾನು ಸಿದ್ಧನಿದ್ದೇನೆ. ಆದರೆ ಸದರಿ ಕಾಲಿಗೆ ಉಳಿದ ಅಮೀನಸಾಬನನ್ನು ಹುಟ್ಟಿನಿಂದಲೇ ಜೋಡಿಸಲಾಗಿದ್ದು, ಬೇರ್ಪಡಿಸುವ ವಿಧಾನ ನಿಯಮಗಳಲ್ಲಿ ಕಾಣಲಿಲ್ಲ. ಆದ್ದರಿಂದ ಕಾಲಿನ ಜೊತೆ ನಾನೂ ಬರುತ್ತೇನೆ. ಕಪಾಟಿನಲ್ಲಿ ಇಡುವುದಾದರೆ ನಡುವಿನ ಎರಡು ಹಲಗೆ ತೆಗೆಸಿರಿ, ಪಶ್ಚಿಮದ ಕಡೆ ಮುಖ ಮಾಡುವಂತೆ ನಿಲ್ಲಿಸಿರಿ, ಐದು ಹೊತ್ತು ಬಾಗಿಲು ತೆರೆಯುವ ಏರ್ಪಾಡು ಮಾಡಿರಿ. ಜಪ್ತಿಯ ಅವಧಿಯಲ್ಲಿ ಹೊಳೆಯಲ್ಲಿ ಯಾರದಾದರೂ ತಾಳಿ ಬಿದ್ದರೆ ತಮ್ಮ ಕಚೇರಿಯಿಂದ ಯಾರನ್ನಾದರೂ ಬರಿಗಾಲಿನಲ್ಲಿ ಕಳಿಸಿರಿ.

ಇಲ್ಲಿಯ ತನಕ ನಗುತ್ತ ಬರೆದೆ, ಇನ್ನು ನನಗೆ ನಗು ಬರುವುದಿಲ್ಲ. ಸಿಕ್ಕ ವಸ್ತುವನ್ನು ತೊಂಬತ್ತು ದಿನ ಕಚೇರಿಯಲ್ಲಿಟ್ಟು, ಒಡೆಯರು ಖರೀದಿಯ ರಸೀದಿ ತೋರಿಸಿದ ಮೇಲೆ ಮರಳಿಸಬೇಕು ಎಂಬ ಹನ್ನೊಂದನೆಯ ನಿಯಮದ ಕೆಳಗೆ ತಾವು ಕರಡಿಗೆಯನ್ನು ಕೇಳಿದ್ದೀರಿ. ಕೂಸು ಹುಟ್ಟಿದಾಗ ಕಟ್ಟಿದ್ದಕ್ಕೆ ಯಾವ ತಾಯಿ ರಸೀದಿ ಇಟ್ಟಿರುತ್ತಾಳೆ? ಅದೇ ನಿಯಮದಲ್ಲಿ, ಶೋಧಕನೆಂದರೆ ವಸ್ತುವನ್ನು ನೀರಿನಿಂದ ಮೇಲೆತ್ತಿದವನು ಎಂದು ತಾವೇ ಬರೆಸಿದ್ದೀರಿ. ನಾನು ಎತ್ತಲಿಲ್ಲ. ಹೊಳೆಗಿಳಿದ ಒಬ್ಬ ಹೆಂಗಸು ತನ್ನ ಕೊರಳಿನದನ್ನು ತಾನೇ ಎತ್ತಿಕೊಂಡು ಮನೆಗೆ ಹೋಗಿದ್ದಾಳೆ, ಅದನ್ನು ತಡೆಯುವ ನಿಯಮ ಕಡಲ ಕಡೆಯ ಪುಸ್ತಕದಲ್ಲಿಯೂ ಇರಲಾರದು. ತೊಂಬತ್ತು ದಿನ ಆಕೆ ತಾಳುವುದಿಲ್ಲ, ಆರು ದಿನಕ್ಕೆ ಏನಾಗಿದ್ದಳೆಂದು ನಾನು ನೋಡಿದ್ದೇನೆ. ನನ್ನ ಕಾಲನ್ನು ತೊಂಬತ್ತು ದಿನವಲ್ಲ, ಬೇಕಿದ್ದರೆ ನಾನು ಇರುವ ತನಕ ಇಟ್ಟುಕೊಳ್ಳಿ, ಹೊಳೆಗೆ ಇಳಿಯುವುದಿಲ್ಲವೆಂದು ಬರೆದುಕೊಡುತ್ತೇನೆ. ಕರಡಿಗೆಯನ್ನು ಬಿಟ್ಟುಬಿಡಿ.

ಹೀಗೆಂದು, ಒಂದು ಕಾಲಿನ ಮಟ್ಟಿಗೆ ಕಾನೂನುಬದ್ಧನೂ ಉಳಿದ ಭಾಗದಲ್ಲಿ ಅಪರಾಧಿಯೂ ಆದ

ತಮ್ಮ ವಿಶ್ವಾಸಿ,
ಅಮೀನಸಾಬ ಜಾಲಗಾರ
ಹೊಳೆ ಓಣಿ, ಸಂಕೇಶ್ವರ

ತಾಜಾ ಕಲಮು: ಈ ಪತ್ರವನ್ನು ಅಂಟಿಸುವ ಮುನ್ನ ಚನ್ನವ್ವಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಆಕೆ ಹೇಳಿದ್ದು ಇಷ್ಟು: "ಅಷ್ಟುದ್ದ ಯಾಕ ಬರದಿ ತಮ್ಮಾ, ಸಾಹೇಬ್ರಿಗೆ ಮನಿಗೇ ಬರಾಕ ಹೇಳು. ನನ್ನ ಕೊಳ್ಳಾಗಿಂದು ಅವರ ಕೈಯಾರೆ ಬಿಚ್ಚಿಕೊಂಡು ಹೋಗ್ಲಿ, ನಾ ಏನೂ ಅನ್ನೂದಿಲ್ಲ. ಆದ್ರ ಮನಿಗೆ ಬಂದವ್ರು ಹಸಕೊಂಡು ಹೋಗಬಾರದು, ಬಿಚ್ಚಿಕೊಂಡ ಮ್ಯಾಲ ಉಂಡು ಹೋಗ್ಲಿ." ತಾವು ಬರುವ ದಿನವನ್ನು ತಿಳಿಸಿರಿ. ಚನ್ನವ್ವಕ್ಕ ತಾನೇ ಎದುರಿಗೆ ಕೂತು ತಮಗೆ ಬಡಿಸುತ್ತಾಳೆ, ತಾನು ಮಾತ್ರ ಉಣ್ಣುವುದಿಲ್ಲ.